ಗಾಳಿಬೋರೆಯ ಬಿಳಿಮೀನು

ಹಳೆಯ ಪೆಟ್ಟಿಗೆಯ ತಳದಲ್ಲಿ ದೊರೆತ ಭಾವಚಿತ್ರವೊಂದನ್ನು ಹಿಡಿದುಕೊಂಡು ಬಂದು ನನ್ನ ಸೋದರಳಿಯ ಮೊನ್ನೆ ಕೇಳಿದನು: “ಇಷ್ಟು ದೊಡ್ಡ ಮೀನನ್ನು ತಿರುಗಿ ನೀರಿಗೇ ಬಿಟ್ಟರೆಂದಮೇಲೆ, ಹಿಡಿದದ್ದಾದರೂ ಏತಕ್ಕೆ ಮಾವ?” ಚಿತ್ರದಲ್ಲಿ ಮೊಣಕಾಲುದ್ದದ ನೀರಿನಲ್ಲಿ ಕುಳಿತ ಆಂಗ್ಲ ಅತಿಥಿ, ಅವನ ತೋಳುಗಳಲ್ಲಿ ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಬಿಳಿಮೀನು, ಪಕ್ಕದಲ್ಲಿ ತಲೆಗೆ ಟವಲು ಸುತ್ತಿದ ನಮ್ಮ ತೆಪ್ಪದ ತಾತ. ಹುಡುಗನ ಕಣ್ಣು ಮೀನಿನ ಮೇಲಿದ್ದಿತು, ನನ್ನದು ತಾತನ ಮೇಲೆ.

ಮಳೆಗಾಲದ ಕೆಂಪು ನೀರು ಇಳಿದು, ಮಾರ್ಗಶಿರ ಪುಷ್ಯಗಳ ಚಳಿಗೆ ಹೊಳೆ ತಿಳಿಯಾಗಿ, ಬಂಡೆಗಳು ಒಂದೊಂದಾಗಿ ಮೇಲೆದ್ದು ಕಾಣತೊಡಗಿದವೆಂದರೆ, ಶಿವನಸಮುದ್ರದಿಂದ ಕೆಳಕ್ಕೆ ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆಗಳ ಮಡುಗಳಲ್ಲಿ ಗಾಳದ ಋತು ಆರಂಭವಾಗುತ್ತಿದ್ದಿತು. ಚಳಿ ಬಲಿತ ಬೆಳಗುಗಳಲ್ಲಿ ಮೀನು ಮಡುವಿನ ತಳವನ್ನು ಬಿಟ್ಟು ಕದಲದು. ಬಿಸಿಲೇರಿದ ಮೇಲೆಯೇ ಅದು ಸೆಳವಿನ ಅಂಚಿಗೆ ಬರುವುದು. ಅಷ್ಟರಲ್ಲಿ, 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಆ ಶಿವನಸಮುದ್ರದಿಂದ ನೀರು ಬಿಟ್ಟು ಹೊಳೆ ಗೇಣುದ್ದ ಏರಿತೆಂದರೆ, ಬೆಳಗಿನಿಂದ ಹಾಕಿದ ಲೆಕ್ಕವೆಲ್ಲ ಕೆಡುವುದು. ತಾತನಿಗೆ ಮಾತ್ರ ಕೆಡುತ್ತಿರಲಿಲ್ಲ. ನೀರಂಚಿನ ಕಲ್ಲಿಗೆ ತಾನಿಟ್ಟ ಗುರುತನ್ನು ನೋಡಿ, ಮಾತಿಲ್ಲದೆ ಹುಟ್ಟನ್ನೆತ್ತಿ, ತೆಪ್ಪವನ್ನು ಬೇರೊಂದು ಬಂಡೆಯ ಮರೆಗೆ ಒಯ್ಯುತ್ತಿದ್ದನು.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡು ತೂಕದ ಮೀನನ್ನು ಹಿಡಿದರೆಂಬ ಖ್ಯಾತಿ ಆಂಗ್ಲ ದೊರೆಗಳೊಡನೆಯೇ ಮಾಸಿಹೋಗಿದ್ದಿತು; 1977-78ರಲ್ಲಿ ಇಂಗ್ಲೆಂಡಿನ ಮೂವರು ಅಂಥ ಮೀನನ್ನೇ ಅರಸಿಕೊಂಡು ಬಂದು ಕಾವೇರಿಯನ್ನು ಕಂಡುಹೋದ ಮೇಲೆ ಆ ಖ್ಯಾತಿ ಪುನಃ ಜೀವ ಪಡೆಯಿತು. ಅನಂತರದ ಚಳಿಗಾಲಗಳಲ್ಲಿ ಬಂದವರ ಪೈಕಿ ಸೆವರ್ನ್ ನದಿಯ ದಂಡೆಯವನೊಬ್ಬನನ್ನು ನಾನು ಬಲ್ಲೆ. ಅವನ ಊರಿನಲ್ಲಿ ಚಳಿಗಾಲದ ಕಲಕುನೀರಿನಲ್ಲಿ ಬಾರ್ಬೆಲ್ ಎಂಬ ನಾಲ್ಕು ಮೀಸೆಯ ಮೀನಿಗಾಗಿ ಕೈ ಮರಗಟ್ಟುವವರೆಗೆ ಕಾಯುವರಂತೆ. 10 ಪೌಂಡಿನದು ಸಿಕ್ಕಿದರೆ ವರ್ಷವೆಲ್ಲ ಅದೇ ಮಾತಂತೆ. ನಮ್ಮ ಬಿಳಿಮೀನಿಗೂ ನಾಲ್ಕೇ ಮೀಸೆ. ಹಿಂದಿನ ಪ್ರಾಣಿಶಾಸ್ತ್ರಜ್ಞರು ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದುದೂ ನಿಜ. ಆದರೆ ಇದು ಮೊದಲ ಓಟದಲ್ಲಿಯೇ ನೂರು ಗಜ ನೂಲನ್ನು ಸೆಳೆದುಕೊಂಡು ಬಂಡೆಗಳ ನಡುವೆ ನುಗ್ಗಿದಾಗ, ಬಂಧುತ್ವದ ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ತಾತನ ವಿದ್ಯೆಯೆಲ್ಲ ರಾಗಿಯಿಂದ ಮೊದಲಾಗುತ್ತಿದ್ದಿತು. ಸಮುದ್ರದಾಚೆಯಿಂದ ಬಂದ ಥಳಥಳಿಸುವ ಲೋಹದ ಗಾಳಗಳನ್ನು ಒಮ್ಮೆ ಕೈಯಲ್ಲಿ ತೂಗಿನೋಡಿ, ಉಪಚಾರಕ್ಕೆ ತಲೆಯಾಡಿಸಿ, ಪಕ್ಕಕ್ಕಿಡುತ್ತಿದ್ದನು. ಬೆಳಕು ಹರಿಯುವ ಮುನ್ನವೇ ಹೊಳೆಮತ್ತಿಯ ಬುಡದಲ್ಲಿ ಮೂರು ಕಲ್ಲು ಹೂಡಿ, ರಾಗಿಹಿಟ್ಟನ್ನು ನಾದಿ, ಉಂಡೆ ಕಟ್ಟಿ, ಕುದಿನೀರಿಗೆ ಬಿಟ್ಟು ಬೇಯಿಸಿ, ಬೆಂದುದನ್ನು ಪುನಃ ಕಲ್ಲಿನ ಮೇಲೆ ನಾದುವನು. ಅದಕ್ಕೆ ಬೀಳುತ್ತಿದ್ದ ಬೆಳ್ಳುಳ್ಳಿ ನನಗೆ ಗೊತ್ತು. ಬೆನ್ನು ತಿರುಗಿಸಿಕೊಂಡು ಸೊಂಟದ ಚೀಲದಿಂದ ತೆಗೆದು ಹಾಕುತ್ತಿದ್ದ ಪುಡಿ ಯಾವುದೆಂಬುದನ್ನು ಆತ ತನ್ನ ಮಗನಿಗೂ ಹೇಳಲಿಲ್ಲ. ಸಣ್ಣ ಮೀನುಗಳು ಕಿತ್ತು ಕರಗಿಸಲಾಗದಷ್ಟು ಗಟ್ಟಿ, ಬಿಳಿಮೀನು ಗಂಟಲ ಹಲ್ಲಿನಲ್ಲಿ ಒತ್ತಿದೊಡನೆ ಒಡೆಯುವಷ್ಟು ಮೃದು: ಆ ಹದ ಅವನ ಹೆಬ್ಬೆರಳಿಗೆ ಮಾತ್ರ ತಿಳಿದಿದ್ದಿತು. ಬೇಯುವ ರಾಗಿ, ಬೆಳ್ಳುಳ್ಳಿ, ಹಸಿ ಸೌದೆಯ ಹೊಗೆ, ಇವುಗಳ ಮೇಲೆ ಹೊಳೆಯಿಂದೇಳುವ ಮಂಜು, ಇಷ್ಟೂ ಸೇರಿದ ಆ ವಾಸನೆ ಇಂದಿಗೂ ಯಾವುದೋ ಹಳ್ಳಿಯ ಅಡುಗೆಮನೆಯ ಮುಂದೆ ಅಕಸ್ಮಾತ್ತಾಗಿ ಎದುರಾದರೆ ನನ್ನ ಕಾಲು ನಿಂತುಬಿಡುತ್ತದೆ.

ಆತನನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಯೌವನದಲ್ಲಿ ಕಲ್ಲುಗಣಿಯ ಸಿಡಿಮದ್ದನ್ನು ಮಡುವಿಗೆಸೆದು, ಹೊಟ್ಟೆ ಮೇಲಾಗಿ ತೇಲಿದ ಹಿರಿಯ ಮೀನುಗಳನ್ನು ತುಂಡುಮಾಡಿ ಹಲಗೂರಿನ ಸಂತೆಗೆ ಹೊತ್ತವನು ಆತ. ತೇಲದೆ ತಳದಲ್ಲಿಯೇ ಕೊಳೆತವು ಎಷ್ಟೋ. ಗಾಳದ ಶಿಬಿರದವರು ಸಂಬಳ ಕೊಟ್ಟು ಅವನನ್ನೇ ಹೊಳೆಯ ಕಾವಲಿಗೆ ನಿಲ್ಲಿಸಿದಾಗ, ಕಳ್ಳನ ಕೈಗೆ ಬೀಗದ ಕೈ ಕೊಟ್ಟರೆಂದು ಊರು ನಕ್ಕಿತು. ನಕ್ಕವರಿಗೆ ಆತ ಕೊಟ್ಟ ಉತ್ತರವೇ ನನ್ನ ಸೋದರಳಿಯನಿಗೂ ಉತ್ತರ: “ಸತ್ತ್ ಮೀನು ಒಂದ್ ಸಂತೆಗಾಯ್ತದೆ ಬುದ್ಧೀ, ಬದ್ಕಿರೋದು ವರ್ಸೊರ್ಸಾ ದೊರೆಗಳ್ನ ಕರ್ಕೊಂಡ್ ಬತ್ತದೆ.” ಸೆವರ್ನಿನವನು ಹೊರಡುವ ದಿನ ನೋಟುಗಳನ್ನು ಮುಂದೆ ಚಾಚಿದಾಗ ತಾತ ಕೈ ನೀಡಲಿಲ್ಲ; ಅವನ ಪೆಟ್ಟಿಗೆಯಲ್ಲಿದ್ದ ದೊಡ್ಡ ಗಾಳದ ಮುಳ್ಳುಗಳ ಕಡೆ ಬೆರಳು ತೋರಿದನು. ಆ ಸರಳತೆಗೆ ಮರುಳಾದ ಅತಿಥಿ ಪೊಟ್ಟಣವನ್ನೇ ಅವನ ಕೈಗಿಟ್ಟು ನೋಟುಗಳನ್ನು ಜೇಬಿಗೆ ಸೇರಿಸಹೊರಟಾಗ, ತಾತ ನನ್ನ ಕಡೆ ತಿರುಗಿ, “ದುಡ್ ಬ್ಯಾಡ ಅಂತ ನಾನೆಲ್ಲಂದೆ, ಒಸಿ ಯೋಳಿ ಬುದ್ಧೀ” ಎಂದನು. ಹೇಳಿದೆ. ಎರಡೂ ಅವನದಾದವು.

ಇದೆಲ್ಲವೂ ಸ್ವರ್ಣಯುಗವೆಂದು ಬರೆದು ಮುಗಿಸಬಹುದಾಗಿದ್ದಿತು. ಆದರೆ ತಾತನೇ ಅದಕ್ಕೆ ಅವಕಾಶ ಕೊಟ್ಟವನಲ್ಲ. ಬಿಳಿಮೀನು ಕ್ಷಯಿಸುತ್ತಿದೆಯೆಂಬ ಕಳಕಳಿಯಿಂದಲೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿಮಾಡಿದ ನೀಲಿ ರೆಕ್ಕೆಯ ಬೇರೊಂದು ಜಾತಿಯನ್ನು ಕಾವೇರಿಗೆ ತಂದು ಬಿಟ್ಟಿದ್ದರು. ಅವು ಸಮೃದ್ಧವಾಗಿ ಬೆಳೆದವು. ಶಿಬಿರದಲ್ಲಿ ದಿನಕ್ಕೊಂದು ಸಂಭ್ರಮ. ತಾತ ಮಾತ್ರ ನೀಲಿಯದನ್ನು ಮುಳ್ಳಿನಿಂದ ಬಿಡಿಸುವಾಗ, “ಇದ್ಕೆ ಗೂನಿಲ್ಲ” ಎಂದಷ್ಟೇ ಗೊಣಗುತ್ತಿದ್ದನು. ಹಿಡಿದ ಮೀನಿನ ಲೆಕ್ಕವನ್ನು ಬರೆದಿಟ್ಟ 1998ರಿಂದ 2012ರವರೆಗಿನ ಪುಸ್ತಕಗಳನ್ನು ಆಮೇಲೆ ವಿಜ್ಞಾನಿಗಳು ತಿರುವಿನೋಡಿ, ನೀಲಿಯದು ಏರಿದಂತೆ ಗೂನಿನದು ಇಳಿಯಿತೆಂದು ಸಾಧಿಸಿದರು. ನನಗೆ ಆ ಕೋಷ್ಟಕಗಳು ಬೇಕಿರಲಿಲ್ಲ. ಆ ಗೊಣಗು ಕಿವಿಯಲ್ಲಿದೆ. ಇನ್ನೂ ಕ್ರೂರವಾದ ಸಂಗತಿಯೆಂದರೆ, ನೂರೈವತ್ತು ವರ್ಷ ಬೇಟೆಗಾರರಿಗೆ ಕೀರ್ತಿ ತಂದ ಈ ಮೀನಿಗೆ ಶಾಸ್ತ್ರೋಕ್ತವಾದ ಹೆಸರು, ಟಾರ್ ರೆಮಾದೇವಿಯೈ ಎಂಬುದು, ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಇಷ್ಟರೊಳಗೆ ಗಾಳವೇ ನಿಂತುಹೋಗಿದ್ದಿತು. 1987ರಲ್ಲಿ ವನ್ಯಧಾಮವಾದ ಪ್ರದೇಶದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ನ್ಯಾಯದಿಂದ ಅದನ್ನು ನಿಷೇಧಿಸಿದರು. ಕಾನೂನಿನ ಅಕ್ಷರ ತಪ್ಪೆಂದು ನಾನು ಹೇಳಲಾರೆ. ಆದರೆ ರಾತ್ರಿಯಲ್ಲಿ ಸಿಡಿಮದ್ದಿನ ಸದ್ದು ಕೇಳಿದರೆ ತೆಪ್ಪವೇರಿ ಹೋಗುತ್ತಿದ್ದವರು ಮನೆಗೆ ಹೋದರು, ಸದ್ದು ಮಾಡುವವರು ಹೋಗಲಿಲ್ಲ. ಸಂಗಮದಲ್ಲಿ ಅರ್ಕಾವತಿ ಬೆಂಗಳೂರಿನ ಕೊಚ್ಚೆಯನ್ನು ಹೊತ್ತು ತಂದು ಕಾವೇರಿಗೆ ಒಪ್ಪಿಸುತ್ತಾಳೆ. ಅದನ್ನು ನಿಷೇಧಿಸುವ ಫಲಕ ಎಲ್ಲಿಯೂ ಕಾಣಿಸದು. ಭಾನುವಾರದ ಜನರು ಸೀಸೆಗಳನ್ನು ಬಂಡೆಗಪ್ಪಳಿಸಿ, ಆ ಚೂರುಗಳ ನಡುವೆ ನಿಂತು ಪ್ರಕೃತಿಯೊಡನೆ ತಮ್ಮ ಚಿತ್ರ ತೆಗೆದುಕೊಳ್ಳುತ್ತಾರೆ.

ತಾತ ಹೋಗಿ ಕೆಲವು ವರ್ಷಗಳಾದವು. ಅವನ ಮಗ ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಬಾಗಿಲಲ್ಲಿ ನೀಲಿ ಸಮವಸ್ತ್ರ ತೊಟ್ಟು ಕಾರುಗಳ ಸಂಖ್ಯೆ ಬರೆದುಕೊಳ್ಳುತ್ತಾನೆ. ಈಚೆಗೆ ಗೂನುಬೆನ್ನಿನ ಮೀನು ಮೋಯಾರ್ ಹೊಳೆಯಲ್ಲಿ ಇನ್ನೂ ಉಳಿದಿದೆಯೆಂದೂ, ಅಲ್ಲಿಂದ ತಾಯಿಮೀನುಗಳನ್ನು ಗಾಯವಾಗದಂತೆ ಹಿಡಿದು ಸಂತತಿ ಬೆಳೆಸಬೇಕೆಂದೂ ಬಲ್ಲವರು ಹೇಳುವುದನ್ನು ಕೇಳಿ, ನಾನು ಆ ಮಗನನ್ನು ಕಂಡು ವಿಚಾರಿಸಿದೆ. ರಾಗಿಯ ಹದ ಒಂದಿಷ್ಟು ನೆನಪಿದೆಯೆಂದನು, ರಜೆ ಕೊಡುವುದಿಲ್ಲವೆಂದನು.