ಕೋಟು ಅವನದು, ಕಂಠ ಇವನದು!

ಪಿಯುಸಿ ಅರ್ಧಕ್ಕೆ ಬಿಟ್ಟು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಡಿಯಲು ಹೋದವನು ನಾನು. ಪೆನ್ನು ಹಿಡಿದದ್ದು ಆಮೇಲೆ. ಆದ್ದರಿಂದ ಇದು ಪಂಡಿತರ ಮಾತಲ್ಲ, ಪ್ಯಾಡ್ ಬಡಿದವನ ಮಾತು ಅಂತ ತಿಳ್ಕೊಳ್ಳಿ.

ತಂಡದ ಜೀವವೇ ಆಗಿದ್ದವನು ಹೋದರೆ ತಂಡ ಮುಂದುವರಿಯಬೇಕೆ, ಬಾಗಿಲು ಮುಚ್ಚಬೇಕೆ? ರಾಕ್ ಸಂಗೀತದ ಹುಚ್ಚರು ಈ ಪ್ರಶ್ನೆಗೆ ರಾತ್ರಿಯಿಡೀ ಜಗಳವಾಡುತ್ತಾರೆ. ನಮ್ಮ ಸಣ್ಣ ತಂಡದಲ್ಲೂ ಆ ಜಗಳ ಆಯ್ತು. 2021ರಲ್ಲಿ, ಕೊರೋನಾ ಎರಡನೇ ಅಲೆಯಲ್ಲಿ, ನಮ್ಮ ಗಾಯಕ ಹೋಗಿಬಿಟ್ಟ. ವಯಸ್ಸು ಬರೀ 26!

“ಮುಚ್ಚಿಬಿಡೋಣ ಕಣೋ. ಲೆಡ್ ಝೆಪೆಲಿನ್‌ನೋರು ಏನ್ ಮಾಡಿದ್ರು?” ಎಂದ ಕೀಬೋರ್ಡ್ ಗೆಳೆಯ. ನಿಜವೇ. ಆ ಇಂಗ್ಲೆಂಡಿನ ತಂಡದ ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರ್ 25ರಂದು ತೀರಿಕೊಂಡ. ಡಿಸೆಂಬರ್ 4ರಂದು ಉಳಿದ ಮೂವರೂ ಸಾಕು ಅಂದುಬಿಟ್ಟರು. 2007ರ ಡಿಸೆಂಬರ್ 10ರಂದು ಲಂಡನ್‌ನಲ್ಲಿ ಮತ್ತೆ ಪೂರ್ತಿ ಕಚೇರಿ ಕೊಟ್ಟಾಗ ಡ್ರಮ್ಸ್ ಮುಂದೆ ಕೂತವನು ಬಾನಮ್‌ನ ಮಗ ಜೇಸನ್!

ನಾನು ಬಿಡ್ತೀನಾ? “ಎಸಿ/ಡಿಸಿ ನೋಡೋ!” ಅಂದೆ. ಅದೇ 1980ರ ಫೆಬ್ರವರಿ 19ರಂದು ಆಸ್ಟ್ರೇಲಿಯಾದ ಆ ತಂಡದ ಗಾಯಕ ಬಾನ್ ಸ್ಕಾಟ್ ಲಂಡನ್‌ನಲ್ಲಿ ಸತ್ತ. ಐದೇ ತಿಂಗಳು! ಜುಲೈನಲ್ಲಿ ಹೊಸ ಗಾಯಕ ಬ್ರಿಯಾನ್ ಜಾನ್ಸನ್ ಹಾಡಿದ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು. ಕಪ್ಪು ಹೊದಿಕೆ, ಮೊದಲ ಹಾಡಿಗೆ ಮುಂಚೆ ಗಂಟೆಯ ನಾದ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಅದೂ ಒಂದು.

ವಾದ ಗೆದ್ದೆ. 2022ರ ಗಣೇಶನ ಹಬ್ಬಕ್ಕೆ ಹೊಸ ಹುಡುಗನನ್ನು ಕರೆತಂದೆ. ಸತ್ತವನ ಮಿಣಮಿಣ ಕೋಟನ್ನೇ ಅವನಿಗೆ ತೊಡಿಸಿದೆ. “ಅವನ ಥರಾನೇ ಕೈ ಎತ್ತು, ಅವನ ಥರಾನೇ ಹಾಡು” ಅಂದೆ. ತೋಳು ಉದ್ದ, ಭುಜ ಸಡಿಲ... ಪಾಪ, ಹುಡುಗ ಬೆವರುತ್ತ ಹಾಡಿದ. ಜನ ಶಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಗೆಳೆಯನ ತಾಯಿ ಮಾತ್ರ ಎರಡನೇ ಹಾಡಿಗೇ ಎದ್ದು ಹೋದರು.

ಮಾರನೇ ದಿನ ಕೋಟು ಮಡಚಿಕೊಂಡು ಅವರ ಮನೆಗೆ ಹೋದೆ, ಬೈಸಿಕೊಳ್ಳಲು ಸಿದ್ಧನಾಗಿಯೇ. ಅಮ್ಮ ಕಾಫಿ ಕೊಟ್ಟು, “ಆ ಹುಡುಗನ್ ಕಂಠ ಚೆನ್ನಾಗೈತೆ ಕಣಪ್ಪಾ, ಅದನ್ಯಾಕೆ ಅಡಗಿಸ್ತೀಯ? ಕೋಟು ಇಲ್ಲೇ ಬಿಟ್ಟೋಗು” ಅಂದರು.

ನನಗೆ ನಾಚಿಕೆಯಾಯ್ತು. ಎಸಿ/ಡಿಸಿ ಹೆಸರು ಹೇಳಿದವನು ನಾನೇ. ಆದರೆ ಅರ್ಧ ಮಾತ್ರ ಓದಿಕೊಂಡಿದ್ದೆ! ಜಾನ್ಸನ್ ಸ್ಕಾಟ್‌ನ ಅಣಕು ಮಾಡಲಿಲ್ಲ. ತನ್ನದೇ ಟೋಪಿ ಹಾಕಿಕೊಂಡು ತನ್ನದೇ ಚೀರುದನಿಯಲ್ಲಿ ಹಾಡಿದ. ಕ್ವೀನ್ ತಂಡವನ್ನೂ ನೋಡಿ. ಪಂಚಗಣಿಯ ಶಾಲೆಯಲ್ಲಿ ಓದಿದ್ದ ಫ್ರೆಡ್ಡಿ ಮರ್ಕ್ಯುರಿ 1991ರ ನವೆಂಬರ್ 24ರಂದು ತೀರಿಕೊಂಡ. ಮುಂದೆ ಬ್ರಿಯಾನ್ ಮೇ, ರೋಜರ್ ಟೇಲರ್ ವೇದಿಕೆ ಹತ್ತಿದಾಗ ‘ಕ್ವೀನ್’ ಪಕ್ಕ ಪ್ಲಸ್ ಗುರುತು ಹಾಕಿ ಹೊಸಬನ ಹೆಸರನ್ನೂ ಬರೆಸಿದರು: ಮೊದಲು ಪಾಲ್ ರಾಡ್ಜರ್ಸ್, ಆಮೇಲೆ ಆಡಂ ಲ್ಯಾಂಬರ್ಟ್.

ನಮಗೇನು ಇದು ಹೊಸದೇ? 2022ರ ಮಾರ್ಚ್ 17ರಂದು ‘ಜೇಮ್ಸ್’ ಬಿಡುಗಡೆಯಾದಾಗ ತೆರೆಯ ಮೇಲೆ ನಮ್ಮ ಅಪ್ಪು, ದನಿ ಶಿವಣ್ಣನದು. ತಮ್ಮನ ಮಾತನ್ನು ಅಣ್ಣ ಮುಗಿಸುತ್ತಿದ್ದಾನೆ ಅಂತ ನಮಗೆಲ್ಲ ಗೊತ್ತಿತ್ತು. ಕಣ್ಣೊರೆಸಿಕೊಂಡೇ ನೋಡಿದೆವಲ್ಲ!

ಹಾಗಾದರೆ ಝೆಪೆಲಿನ್‌ನವರದು ತಪ್ಪೇ? ಅಲ್ಲ. ಬಾನಮ್‌ನ ಪೆಟ್ಟಿನ ಮೇಲೇ ನಿಂತಿದ್ದ ಮನೆ ಅದು. ಕಂಬ ಬಿದ್ದ ಮೇಲೆ ಸುಣ್ಣ ಬಳಿದರೇನು ಬಂತು?

ನಮ್ಮ ಹುಡುಗ ಈಗ ಚೌಕುಳಿ ಷರ್ಟಿನಲ್ಲೇ ಹಾಡ್ತಾನೆ. ಮೊದಲ ಹಾಡಿಗೆ ಮುಂಚೆ ಸತ್ತವನ ಹೆಸರು ಹೇಳ್ತೀವಿ. “ಹಳೇ ಹುಡ್ಗ ಎಲ್ಲೋ?” ಅಂತ ಯಾರಾದ್ರೂ ಕೂಗಿದರೆ ಪ್ಯಾಡ್ ಮೇಲೆ ಎರಡೇಟು ಜೋರಾಗಿ ಹಾಕ್ತೀನಿ, ಅಷ್ಟೇ.

ನೀವಾಗಿದ್ರೆ ಏನು ಮಾಡ್ತಿದ್ರಿ, ಹೇಳಿ?