ಇಲ್ಲವಾದವರ ಕಥೆ

ಕನ್ನಡ ಎಂ.ಎ. ಓದಿ, ಚಳ್ಳಕೆರೆಯಲ್ಲಿ ಪಂಪ-ಕುಮಾರವ್ಯಾಸರನ್ನು ಬೋಧಿಸುವ ಉಪನ್ಯಾಸಕನೊಬ್ಬನು ಜರ್ಮನ್ ಭಾಷೆಯ ವೈಜ್ಞಾನಿಕ ಧಾರಾವಾಹಿಯೊಂದರ ಮುಕ್ತಾಯವನ್ನು ಕಂಡು ಕಣ್ಣೀರಿಟ್ಟನೆಂದರೆ ವಾಚಕರು ನಕ್ಕಾರು. ನಗಲಿ. ನನ್ನ ಮನೆಯಾಕೆಯೂ ನಕ್ಕಿದ್ದಳು.

ಧಾರಾವಾಹಿಯ ಹೆಸರು ‘ಡಾರ್ಕ್’. 2017ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಆರಂಭವಾಗಿ, 26 ಕಂತುಗಳು ಸಾಗಿ, ಅದರ ಕೊನೆಯ ಭಾಗವು 2020ರ ಜೂನ್ 27ರಂದು ಬಂದಿತು. ಅಣುವಿದ್ಯುತ್ ಸ್ಥಾವರವಿರುವ ಒಂದು ಸಣ್ಣ ಊರು. ಕಾಡಿನ ಗುಹೆಯೊಳಗಿನಿಂದ 33 ವರ್ಷ ಹಿಂದಕ್ಕೆ ದಾರಿ. ತಂದೆಗಿಂತ ಮಗನೇ ಹಿರಿಯನಾಗುವ, ಮಗಳೇ ತಾಯಿಗೆ ತಾಯಿಯಾಗುವ ಆ ವಂಶವೃಕ್ಷವನ್ನು ನಾನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆನು. ಕುರುವಂಶವು ಅದರ ಮುಂದೆ ಸರಳವೆನಿಸಿತು! ಕೊರೊನಾ ಕಾಲ, ಕಾಲೇಜು ಮುಚ್ಚಿತ್ತು. ಒಂದು ವರ್ಷ ಕಾದಿದ್ದ ಕೊನೆಯ ಭಾಗವನ್ನು ಎರಡೇ ರಾತ್ರಿಗಳಲ್ಲಿ ಮುಗಿಸಿದೆನು.

ಇನ್ನೂ ನೋಡದವರು ಮುಂದಿನ ನಾಲ್ಕು ಸಾಲುಗಳನ್ನು ಬಿಟ್ಟುಬಿಡಬಹುದು. ಗಡಿಯಾರದ ಕುಶಲಕರ್ಮಿಯೊಬ್ಬನು ಅಪಘಾತದಲ್ಲಿ ಮಗ, ಸೊಸೆ, ಎಳೆಗೂಸು ಮೂವರನ್ನೂ ಕಳೆದುಕೊಂಡು, ಅವರನ್ನು ಮರಳಿ ಪಡೆಯಲೆಂದು ಯಂತ್ರವೊಂದನ್ನು ಕಟ್ಟಿರುತ್ತಾನೆ. ಅದರಿಂದ ಜಗತ್ತು ಒಡೆದು, ನಾವು ಮೆಚ್ಚಿದ ಯೋನಾಸ್ ಮತ್ತು ಮಾರ್ತಾ ಬದುಕುವ ಎರಡು ಲೋಕಗಳು ಹುಟ್ಟಿವೆ. ಕೊನೆಗೆ ಅವರಿಬ್ಬರೇ ಹೋಗಿ ಆ ಕಾರನ್ನು ತಡೆಯುತ್ತಾರೆ. ಅಪಘಾತ ತಪ್ಪುತ್ತದೆ, ಯಂತ್ರ ಬೇಕಾಗುವುದಿಲ್ಲ, ಆದುದರಿಂದ ಇವರು ಹುಟ್ಟಿಯೇ ಇಲ್ಲ. ಬೆಳಕಿನ ಹುಡಿಯಾಗಿ ಕರಗಿಹೋಗುತ್ತಾರೆ. ಸತ್ತವರಿಗಾದರೆ ತಿಥಿಯುಂಟು, ಗೋಡೆಯ ಮೇಲೊಂದು ಪಟವುಂಟು. ಇವರಿಗೆ ಅದೂ ಇಲ್ಲ. ಗರ್ಭಿಣಿಯೊಬ್ಬಳಿಗೆ ಮಾತ್ರ, ಏಕೆಂದು ತಿಳಿಯದೆ, ಯೋನಾಸ್ ಎಂಬ ಹೆಸರು ಚೆಂದವೆನಿಸುತ್ತದೆ.

ನನಗೆ ಸಿಟ್ಟು ಬಂದಿತು. ವಾರಪತ್ರಿಕೆಯ ಕಾದಂಬರಿಯಲ್ಲಿ ನಾಯಕಿಯನ್ನು ಸಾಯಿಸಿದ ಲೇಖಕರಿಗೆ ಕಾಗದ ಬರೆಯುತ್ತಿದ್ದ ನಮ್ಮ ಸೋದರತ್ತೆಯ ಸಂಕಟವು ಅಂದು ಅರ್ಥವಾಯಿತು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿದ್ದ ಇಸಿಲವೆಂಬ ಪಟ್ಟಣವು ಮಣ್ಣಾಗಿದ್ದರೂ, 1892ರಲ್ಲಿ ಬಿ.ಎಲ್. ರೈಸರಿಗೆ ದೊರೆತ ಅಶೋಕನ ಶಾಸನದಲ್ಲಿ ಅದರ ಹೆಸರಾದರೂ ಉಳಿದಿದೆ. ಅಷ್ಟು ಬಂಡೆಯನ್ನಾದರೂ ಆ ಮಕ್ಕಳಿಗೆ ಕೊಡಬಾರದಿತ್ತೇ?

ಸಿಟ್ಟು ಇಳಿದ ಮೇಲೂ ನಿದ್ರೆ ಬಾರಲಿಲ್ಲ. ಕಾರಣವು ಮೊಳಕಾಲ್ಮೂರಿನ ನಮ್ಮ ಮನೆಯ ಗೋಡೆಯ ಮೇಲಿತ್ತು. ಅಲ್ಲಿ, ಅಪ್ಪನ ಮಗ್ಗದ ಎದುರಿಗೆ, ಮೂರು ವರ್ಷದ ಬಾಲಕನ ಪಟವಿದೆ. ಅಕ್ಕನ ಬೆನ್ನಿಗೆ ಹುಟ್ಟಿ, ನಾನು ಹುಟ್ಟುವ ಎರಡು ವರ್ಷ ಮೊದಲೇ ಜ್ವರದಿಂದ ತೀರಿಕೊಂಡ ಅಣ್ಣ. ಅವನ ಹೆಸರನ್ನೇ ನನಗಿಟ್ಟರು. ಪಟಕ್ಕೆ ಹೂ ಮುಡಿಸುವಾಗಲೆಲ್ಲ ‘ಇವನಿದ್ದಿದ್ದರೆ’ ಎಂದು ಹಂಬಲಿಸಿಯೇ ಬೆಳೆದವನು ನಾನು.

ಬಸ್ಸುಗಳು ಓಡತೊಡಗಿದ ಮೇಲೆ ಊರಿಗೆ ಹೋದೆನು. ಅಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕಥೆಯನ್ನೆಲ್ಲ ಹೇಳಿ, ಕೊನೆಗೆ ಕೇಳಿಯೇಬಿಟ್ಟೆನು: “ಅಣ್ಣ ಉಳಿದಿದ್ದರೆ ನಾನು ಹುಟ್ಟುತ್ತಿದ್ದೆನೇನಮ್ಮಾ?”

ಅವಳು ಕೈ ನಿಲ್ಲಿಸಲಿಲ್ಲ. “ಇಲ್ಲಪ್ಪ. ಆರತಿಗೊಬ್ಬಳು, ಕೀರ್ತಿಗೊಬ್ಬ, ಸಾಕು ಅಂತ ಆಪರೇಷನ್ನಿಗೆ ಹೆಸರೂ ಬರೆಸಿದ್ದೆ. ಅವನು ಹೋದ ಮೇಲೆ ಆ ಕಡೆ ಹೋಗಲಿಲ್ಲ.”

ಬುಟ್ಟಿ ತುಂಬುತ್ತ ಬಂದಾಗ ಮತ್ತೆ ಕೇಳಿದಳು: “ಆ ಕಾರಿನಲ್ಲಿದ್ದ ಕೂಸು ಉಳೀತಲ್ಲ?”

“ಉಳಿಯಿತಮ್ಮ.”

“ಹಂಗಾದ್ರೆ ಆ ಮುದುಕಪ್ಪ ಆ ರಾತ್ರಿ ನೆಮ್ಮದಿಯಾಗಿ ಮಲಗಿರ್ತಾನೆ ಬಿಡು,” ಎಂದಳು.

ಮರುದಿನ ಪಟಕ್ಕೆ ಹೂವನ್ನು ನಾನೇ ಮುಡಿಸಿದೆನು. ‘ಇವನಿದ್ದಿದ್ದರೆ’ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ.