ಯಾರಿಗೆ ಎಷ್ಟು ತೊಳೆ

ಎಪ್ಪತ್ತು ದಾಟಿದ ಮೇಲೆ ಲೆಕ್ಕವೆಲ್ಲ ಕಳೆಯುವ ಲೆಕ್ಕವೇ. ಏನು ಮಾಡಹೊರಟರೂ ಅದರ ಫಲ ನಮ್ಮ ಕಾಲಕ್ಕೆ ಒದಗೀತೇ ಎಂದು ಮನಸ್ಸು ಮೊದಲೇ ಅಳೆದುಬಿಡುತ್ತದೆ. ಬೀಜದಿಂದ ಬೆಳೆದ ಹಲಸು ಕಾಯಿ ಬಿಡುವುದಕ್ಕೆ ಏಳೆಂಟು ವರ್ಷವಾದರೂ ಬೇಕು. ಹಾಗಾಗಿ, ಸಾರಿಗೆಂದು ತೆಗೆದಿಟ್ಟ ಬೀಜಗಳಲ್ಲಿ ದಪ್ಪನೆಯದೊಂದನ್ನು ಆರಿಸಿಕೊಂಡು ಐದು ವರ್ಷದ ಮೊಮ್ಮಗಳು ಹಿತ್ತಲಿಗೆ ಕರೆದಾಗ ನಾನು ಹೋದದ್ದು ಅವಳ ಸಂತೋಷಕ್ಕೆ, ಅಷ್ಟೆ.

ಮಣ್ಣು ಮುಚ್ಚುವಷ್ಟರಲ್ಲೇ ಅವಳು ಹಣ್ಣು ಹಂಚತೊಡಗಿದಳು. ಹಾಲಿನವರಿಗೆ ಹತ್ತು ತೊಳೆ, ಮಳೆ ಬಂದರೂ ಬರುತ್ತಾರಲ್ಲ. ಶಾಲೆ ವ್ಯಾನಿನ ಅಂಕಲ್‌ಗೆ ಇಪ್ಪತ್ತು, ಹತ್ತುವಾಗ ಬ್ಯಾಗ್ ಅವರೇ ಹಿಡಿಯುತ್ತಾರೆ. ಕಸದ ಗಾಡಿಯ ಅಕ್ಕನಿಗೆ ಇಡೀ ಹಣ್ಣು, ಅವರ ಮನೆಯಲ್ಲೂ ಒಂದು ಪಾಪು ಇದೆಯಂತೆ. ಒಬ್ಬೊಬ್ಬರಿಗೂ ಒಂದೊಂದು ಕಾರಣ.

"ನನಗೆ?" ಅಂದೆ.

"ನೀನು ಬಿಡಿಸಿಕೊಡು ತಾತ. ಕೈಗೆ ಎಣ್ಣೆ ಸವರ್ಕೋ, ಮೇಣ ಅಂಟುತ್ತೆ."

ಆ ದಿನ ನಾನಿರುತ್ತೇನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿಲ್ಲ. ಅಲ್ಲಿಯವರೆಗೆ ನಾನು ಭರವಸೆಯನ್ನು ಮುಂದಿನದಕ್ಕೂ ಕೃತಜ್ಞತೆಯನ್ನು ಹಿಂದಿನದಕ್ಕೂ ಸೇರಿಸಿ ಬೇರೆಬೇರೆಯಾಗಿ ಇಟ್ಟಿದ್ದೆ. ಅವಳಲ್ಲಿ ಎರಡೂ ಒಟ್ಟಿಗೇ ಹುಟ್ಟುತ್ತವೆ. ಬರಲಿರುವ ಹಣ್ಣನ್ನು ನೆನೆದರೆ ಸಾಕು, ತನಗೆ ಒಳ್ಳೆಯದು ಮಾಡಿದವರ ಮುಖಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಬೀಜದ ಗಿಡ ತಾಯಿಮರದಂತೆಯೇ ಬರುವ ಖಾತರಿಯಿಲ್ಲ, ಅದಕ್ಕೇ ಕಸಿ ಕಟ್ಟುತ್ತಾರೆ ಎಂದು ತಿಳಿಸಿದೆ. "ಹಾಗಾದ್ರೆ ಇದು ಯಾರೂ ತಿಂದಿಲ್ಲದ ಹಣ್ಣು!" ಎಂದು ಕುಣಿದಳು. ನಿಜವೇ. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಿದ್ದಪ್ಪ ಎಂಬ ರೈತರು ನೆಟ್ಟ ಹಲಸು ತಾಮ್ರಗೆಂಪು ತೊಳೆ ಕೊಟ್ಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿತು, ನೆಟ್ಟವರ ಹೆಸರಲ್ಲೇ ತಳಿ 'ಸಿದ್ದು' ಆಯಿತು. ಸಿದ್ದಪ್ಪನವರ ಮಗ ಅದರ ಕಸಿ ಸಸಿಗಳನ್ನು ಊರೂರಿಗೆ ಕೊಟ್ಟರು. ಕತೆ ಕೇಳಿದವಳು ಆ ತಾತನ ಪಾಲನ್ನೂ ಎತ್ತಿಡಲು ಹೇಳಿದಳು.

ಈಗ ನನ್ನದೂ ಒಂದು ಪಟ್ಟಿ ಬೆಳೆಯುತ್ತಿದೆ. ಫೀಸಿಗೆ ದುಡ್ಡಿಲ್ಲದಾಗ ತಮ್ಮ ಜೇಬಿನಿಂದ ಕಟ್ಟಿದ ಮೇಷ್ಟ್ರು ತಿಪಟೂರಿನಲ್ಲಿದ್ದಾರೆ, ತೊಂಬತ್ತರ ಹತ್ತಿರ. ಅವರಿಗೆಷ್ಟು ಎಂದು ಮೊಮ್ಮಗಳನ್ನೇ ಕೇಳಿದೆ.

"ಅವರಿಗೆ ಈಗ್ಲೇ ಬೇರೆ ಹಣ್ಣು ಕೊಡೋಣ, ತಾತ. ನಮ್ಮದು ಆದ್ಮೇಲೆ ಇನ್ನೊಂದ್ಸಲ ಹೋಗೋಣ."

ಭಾನುವಾರದ ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೇವೆ.